ಸೇಂಟ್ ಎಮಿಲಿಯೋಂಗೆ ಹೊರಟವಳಿಗೆ

ಚಿ. ಮಾನಸಾಳಿಗೆ ಮಾವನ ಆಶೀರ್ವಾದಗಳು.

ಫ್ರಾನ್ಸಿನ ಬೋರ್ಡೋದಿಂದ ನೀನು ಬರೆದ ಕಾಗದ ಓದಿದೆ. ಓದು ಚೆನ್ನಾಗಿ ನಡೆದಿದೆ, ಚಳಿಯೂ ಇಳಿದಿದೆ ಎಂದು ತಿಳಿದು ಸಂತೋಷ. ಗೆಳತಿಯರೆಲ್ಲ ಮುಂದಿನ ತಿಂಗಳು ಟೂರಿಸ್ಟ್ ಬಸ್ಸಿನಲ್ಲಿ ಸೇಂಟ್ ಎಮಿಲಿಯೋಂ ಎಂಬ ಹಳೆಯ ವೈನ್ ಊರಿಗೆ ಹೊರಟಿದ್ದಾರೆ, ಮೂರು ಚಾಟೋಗಳಲ್ಲಿ, ಅಂದರೆ ವೈನ್ ಮಾಡುವ ತೋಟದ ಮನೆಗಳಲ್ಲಿ, ರುಚಿ ನೋಡಿ, ನಡುವೆ ಊರಿಗೆ ಒಂದು ಗಂಟೆ ಕೊಡುತ್ತಾರೆ ಎಂದಿದ್ದೀಯ. "ನಾನು ಕುಡಿಯುವವಳಲ್ಲ, ಹೋಗಿ ಏನು ಮಾಡಲಿ ಮಾವ?" ಎಂದು ಕೇಳಿದ್ದೀಯ. ಹೋಗು ಮಗಳೇ, ಖಂಡಿತ ಹೋಗು. ಆ ಬಸ್ಸಿನಲ್ಲಿ ಮಾತ್ರ ಬೇಡ.

ಬೋರ್ಡೋದಿಂದ ಸುಮಾರು 40 ಕಿ.ಮೀ. ದೂರ, ರೈಲಿನಲ್ಲಿ ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ನಿಲ್ದಾಣ ಊರಿನ ಕೆಳಗೆ, ಬಯಲಿನಲ್ಲಿದೆ. ಅಲ್ಲಿಂದ ದ್ರಾಕ್ಷಿತೋಟಗಳ ನಡುವೆ ಒಂದೂವರೆ-ಎರಡು ಕಿ.ಮೀ. ನಡೆದು ಏರಬೇಕು. ಈ ನಡಿಗೆಯನ್ನು ತಪ್ಪಿಸಬೇಡ. ಬಸ್ಸಿನವರು ನೇರ ಮೇಲಕ್ಕೆ ತಂದು ಇಳಿಸಿಬಿಟ್ಟರೆ ತೋಟ ಎಲ್ಲಿ ಮುಗಿಯಿತು, ಊರು ಎಲ್ಲಿ ಶುರುವಾಯಿತು ಎನ್ನುವುದೇ ತಿಳಿಯುವುದಿಲ್ಲ. 1999ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದೂ ಬರೀ ಹಳೆಯ ಊರನ್ನಲ್ಲ. ಸುತ್ತಲಿನ ತೋಟಗಳೂ ಸೇರಿದಂತೆ 8 ಗ್ರಾಮಗಳ ಇಡೀ ಸೀಮೆಯನ್ನು.

ನಾನು ಸೇತುವೆ, ಕಟ್ಟಡ ಎಂದು ಆಯಸ್ಸು ಕಳೆದವನು. ನನ್ನ ಕಣ್ಣು ಮೊದಲು ಕಲ್ಲಿನ ಮೇಲೆ ಬೀಳುತ್ತದೆ. ಅಲ್ಲಿಯದು ತಿಳಿ ಹಳದಿ ಸುಣ್ಣಕಲ್ಲು. ಸುಮಾರು 3 ಕೋಟಿ ವರ್ಷಗಳ ಹಿಂದೆ ಅಲ್ಲೆಲ್ಲ ಸಮುದ್ರವಿತ್ತು. ಆಗಿನ ನಕ್ಷತ್ರಮೀನುಗಳ ಚೂರುಪಾರು ಈಗಲೂ ಕಲ್ಲಿನೊಳಗೆ ಸಿಗುತ್ತವೆ. ಶತಮಾನಗಳ ಕಾಲ ಈ ಕಲ್ಲನ್ನು ನೆಲದಡಿಯಿಂದ ಕಡಿದು ತೆಗೆದು ಮೇಲೆ ಮನೆ, ಗೋಡೆ, ಚರ್ಚು ಕಟ್ಟಿದರು. ಮಿಕ್ಕಿದ್ದನ್ನು ಹೊರಗೂ ಮಾರಿದರು. ನೀನು ದಿನವೂ ಹಾದುಹೋಗುವ ಬೋರ್ಡೋದ ಹಳೆಯ ಕಟ್ಟಡಗಳಲ್ಲೂ ಅದರದೊಂದು ಪಾಲಿದೆ. ಹೀಗಾಗಿ ಊರಿನ ಕೆಳಗೂ ತೋಟಗಳ ಕೆಳಗೂ ಸುರಂಗಗಳ ಜಾಲ. ಈಗ ಅವುಗಳಲ್ಲಿ ಎಷ್ಟೋ ವೈನ್ ಪೀಪಾಯಿಗಳ ನೆಲಮಾಳಿಗೆಗಳಾಗಿವೆ. ಬೇಸಿಗೆಯಾಗಲಿ ಚಳಿಗಾಲವಾಗಲಿ ಒಳಗಿನ ತಂಪು ಹೆಚ್ಚುಕಡಿಮೆ ಒಂದೇ ತೆರ. ಸ್ವೆಟರ್ ಇಟ್ಟುಕೊ.

ಏಕಶಿಲಾ ಚರ್ಚನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡ. 8ನೇ ಶತಮಾನದಲ್ಲಿ ಫ್ರಾನ್ಸಿನದೇ ಬ್ರಿಟನಿ ಸೀಮೆಯಿಂದ ಬಂದ ಎಮಿಲಿಯೋಂ ಎಂಬ ಸನ್ಯಾಸಿ ಅಲ್ಲಿನ ಗುಹೆಯೊಂದರಲ್ಲಿದ್ದನಂತೆ. ಊರಿಗೆ ಹೆಸರು ಬಂದದ್ದು ಅವನಿಂದ. 12ನೇ ಶತಮಾನದಲ್ಲಿ ಆ ಗುಹೆಯ ಪಕ್ಕದ ಬಂಡೆಯನ್ನೇ ಕೊರೆದು 38 ಮೀಟರ್ ಉದ್ದ, 12 ಮೀಟರ್ ಎತ್ತರದ ಚರ್ಚು ಮಾಡಿದರು. ನಮ್ಮ ಬಾದಾಮಿಯ ಗುಹೆಗಳನ್ನು ನೋಡಿದವಳು ನೀನು, ಅದೇ ಜಾತಿಯ ಕೆಲಸ. ಆದರೆ ಇವರು ಅಷ್ಟಕ್ಕೇ ನಿಲ್ಲದೆ ಆ ಟೊಳ್ಳಿನ ನೆತ್ತಿಯ ಮೇಲೊಂದು ಕಲ್ಲಿನ ಗಂಟೆಗೋಪುರ ಏರಿಸಿದರು! ಅದರ ಭಾರವೆಲ್ಲ ಒಳಗಿನ ಕಂಬಗಳ ಮೇಲೆ. ಮೃದುವಾದ ಕಲ್ಲು, ಮೇಲಿನಿಂದ ಇಂಗುವ ನೀರು; ಕಂಬಗಳು ಸೋತವು. ಈಗ ಅವುಗಳಿಗೆ ಉಕ್ಕಿನ ಪಟ್ಟಿ ಬಿಗಿದಿದ್ದಾರೆ. ಫೋಟೋ ಕೆಡುತ್ತದೆ ಎಂದು ಗೊಣಗುವವರನ್ನು ಕಂಡಿದ್ದೇನೆ. ನನಗಂತೂ ಅಲ್ಲಿ ಅತ್ಯಂತ ನೋಡತಕ್ಕದ್ದು ಆ ಪಟ್ಟಿಗಳೇ. ಹಳೆಯದನ್ನು ಉಳಿಸಿಕೊಳ್ಳುವುದೆಂದರೆ ಇಂಥ ಅಂದವಿಲ್ಲದ ಖರ್ಚು. ಗೈಡ್ ಇಲ್ಲದೆ ಒಳಗೆ ಬಿಡುವುದಿಲ್ಲ. ಪ್ರವಾಸಿ ಕಚೇರಿಯಲ್ಲಿ ಮೊದಲೇ ಟಿಕೆಟ್ ತೆಗೆದುಕೊ, ಇಂಗ್ಲಿಷ್ ಗೈಡ್ ಯಾವ ಹೊತ್ತಿಗೆಂದು ಕೇಳಿಕೊ. ಆಮೇಲೆ ಗೋಪುರ ಹತ್ತು. ಕೆಳಗೆ ಟೊಳ್ಳಿದೆ ಎಂದು ಗೊತ್ತಿದ್ದು ಹತ್ತುವುದೇ ಬೇರೆ.

ಇತಿಹಾಸ ಓದುವವಳಾದ್ದರಿಂದ ಇದನ್ನೂ ಹೇಳಬೇಕು. ಫ್ರೆಂಚ್ ಕ್ರಾಂತಿಯ ಕಾಲದ ಮಿತವಾದಿ ಪಕ್ಷ ಜಿರೋಂದಿನರ ನಾಯಕ ಗ್ವಾದೆ ಇದೇ ಊರಿನವನು. 1793ರಲ್ಲಿ ಪ್ಯಾರಿಸ್‌ನಲ್ಲಿ ಪಕ್ಷ ಮುರಿದುಬಿದ್ದಾಗ ಅವನೂ ಕೆಲವು ಸಂಗಾತಿಗಳೂ ತಪ್ಪಿಸಿಕೊಂಡು ಬಂದು, ಅವನ ನೆಂಟರಾಕೆ ಮದಾಂ ಬುಕೇ ಮನೆಯ ನೆಲದಡಿಯ ಗುಹೆಯಲ್ಲಿ ಅಡಗಿದ್ದರು. 1794ರಲ್ಲಿ ಗ್ವಾದೆ ಸಿಕ್ಕಿಬಿದ್ದ; ಬೋರ್ಡೋದಲ್ಲಿ ಗಿಲೊಟಿನ್‌ಗೆ ತಲೆ ಕೊಟ್ಟ. ಆಶ್ರಯ ಕೊಟ್ಟ ತಪ್ಪಿಗೆ ಆ ಹೆಂಗಸಿಗೂ ಅದೇ ಶಿಕ್ಷೆಯಾಯಿತು. ವೈನ್ ಅಂಗಡಿಗಳ ಸಾಲಿನಲ್ಲಿ ಇದನ್ನು ಯಾರೂ ನೆನಪಿಸುವುದಿಲ್ಲ.

ಆ ಅಂಗಡಿಗಳು, ಅಬ್ಬಾ, ಸ್ವಲ್ಪ ಅತಿಯೇ ಆಗಿವೆ. ಕೋಟೆಗೋಡೆಯೊಳಗೆ ಸಂಸಾರ ಹೂಡಿಕೊಂಡಿರುವವರು ಈಗ ಬಹಳ ಕಡಿಮೆ. ಅದಕ್ಕೇ ಒಂದು ರಾತ್ರಿ ಉಳಿದುಕೊ ಎನ್ನುತ್ತೇನೆ. ಗೋಡೆಯೊಳಗಿನ ಹೋಟೆಲ್‌ಗಳು ದುಬಾರಿ; ತೋಟಗಳ ನಡುವೆ ಮನೆಯವರೇ ಕೋಣೆ ಕೊಡುವುದುಂಟು, ಇಬ್ಬರು ಹಂಚಿಕೊಂಡರೆ ತಡೆದೀತು. ಸಂಜೆ ಬಸ್ಸುಗಳು ಹೊರಟ ಮೇಲೆ ಓಣಿಗಳು ನಿನ್ನವು. ತೆರ್ತ್ರ್ ಎನ್ನುವ ಕಡಿದಾದ ಇಳಿಜಾರು ಓಣಿಗಳಿಗೆ ಹಾಸಿದ ಕಲ್ಲು ಸವೆದು ನುಣ್ಣಗಾಗಿದೆ. ಒಂದು ಓಣಿಯ ನಡುವೆ ಕಂಬಿಯನ್ನೇ ಹಾಕಿದ್ದಾರೆ. ಮಳೆ ಬಂದಿದ್ದರೆ ಹಿಡಿದುಕೊಂಡೇ ಇಳಿ, ನಾಚಿಕೆ ಬೇಡ.

ವೈನ್ ವಿಷಯ. ಯಾವುದಾದರೂ ಒಂದು ಚಾಟೋಗೆ ಮೊದಲೇ ಬರೆದು ಹೋಗು, ಒಂದು ಸಾಕು. ಅಲ್ಲಿ ಹೆಚ್ಚಾಗಿ ಬೆಳೆಯುವುದು ಮೆರ್ಲೋ ಎಂಬ ದ್ರಾಕ್ಷಿ, ಜೊತೆಗೆ ಕ್ಯಾಬರ್ನೆ ಫ್ರಾಂ. ರುಚಿ ನೋಡಲೇಬೇಕೆಂದಿಲ್ಲ, ನೋಡಿದರೂ ಉಗುಳಲು ಪಾತ್ರೆ ಇಟ್ಟಿರುತ್ತಾರೆ. ಪಳಗಿದವರೇ ಉಗುಳುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ಅಮ್ಮನಿಗೆ ನಾನೇ ಹೇಳುತ್ತೇನೆ. ಗೆಳತಿಯರು ಬಾಟಲಿ ಕೊಳ್ಳುವುದಾದರೆ ಒಂದು ಮಾತು ಹೇಳು: ಲೇಬಲ್ ಮೇಲೆ 'ಗ್ರಾಂ ಕ್ರೂ' ಎಂದಿದ್ದ ಮಾತ್ರಕ್ಕೆ ಮೇಲಿನ ದರ್ಜೆಯೆಂದಲ್ಲ, ಅದನ್ನು ಬಹಳ ಮಂದಿ ಹಾಕಿಕೊಳ್ಳಬಹುದು. 1955ರಿಂದ ಇರುವ ದರ್ಜೆಪಟ್ಟಿಯಲ್ಲಿ ಸೇರಿದವರದು 'ಗ್ರಾಂ ಕ್ರೂ ಕ್ಲಾಸೇ'. ಆ ಪಟ್ಟಿಯನ್ನು ಆಗಾಗ ಪರಿಷ್ಕರಿಸುತ್ತಾರೆ, ಆಗಾಗ ಜಗಳವೂ ಆಗುತ್ತದೆ. ತುತ್ತತುದಿಯಲ್ಲಿದ್ದ ಶೆವಾಲ್ ಬ್ಲಾಂ, ಓಸೋನ್ ಎರಡೂ 2021ರಲ್ಲಿ ತಾವಾಗಿ ಹೊರನಡೆದವು. ಕಾರು ಬಾಡಿಗೆಗೆ ಹಿಡಿಯುವ ಮಾತು ಬಂದರೆ ಒಪ್ಪಬೇಡ. ಹೊಸ ಲೈಸೆನ್ಸಿನವರಿಗೆ ಫ್ರಾನ್ಸಿನಲ್ಲಿ ಮಿತಿ ಲೀಟರ್ ರಕ್ತಕ್ಕೆ 0.2 ಗ್ರಾಂ, ಒಂದು ಗ್ಲಾಸೇ ದಾಟಿಸಿಬಿಡಬಹುದು.

ಸೆಪ್ಟೆಂಬರಿನಲ್ಲಿ ಜುರಾದ್ ಎಂಬ ಊರಿನ ವೈನ್ ಸಂಘದವರು ಕೆಂಪು ನಿಲುವಂಗಿ ತೊಟ್ಟು ರಾಜನ ಗೋಪುರ ಎನ್ನುವ ಹಳೆಯ ಗೋಪುರದ ಮೇಲಿನಿಂದ ಕೊಯ್ಲು ಸಾರುತ್ತಾರೆ. ಚೆಂದವೇ. ಅದಕ್ಕಾಗಿ ಕಾಯಬೇಡ, ಕಾಲಿಡಲು ಜಾಗವಿರುವುದಿಲ್ಲ.

ಊಟ ಮಧ್ಯಾಹ್ನ ಎರಡರೊಳಗೆ ಮುಗಿಸಿಕೊ, ಆಮೇಲೆ ಅಡುಗೆಮನೆ ಮುಚ್ಚಿಬಿಡುತ್ತಾರೆ. 1620ರಿಂದ ಸನ್ಯಾಸಿನಿಯರ ಕೈಯಿಂದ ಬಂದದ್ದೆಂದು ಹೇಳುವ ಮ್ಯಾಕರೂನ್ ಬಿಸ್ಕತ್ತು ಕಾಗದಕ್ಕೆ ಅಂಟಿಕೊಂಡಂತೆಯೇ ಸಿಗುತ್ತದೆ. ಬಾದಾಮಿ, ಸಕ್ಕರೆ, ಜೊತೆಗೆ ಮೊಟ್ಟೆಯ ಬಿಳಿ. ನೀನು ಮೊಟ್ಟೆ ತಿನ್ನುವುದು ಬಿಟ್ಟಿದ್ದರೆ ಗೆಳತಿಯರಿಗೆ ಕೊಡು, ನಿನ್ನ ಅತ್ತೆಗೆಂದು ಇಲ್ಲಿಗೆ ಕಳಿಸಬೇಡ, ದಾರಿಯಲ್ಲೇ ಗಟ್ಟಿಯಾಗಿಬಿಡುತ್ತದೆ. ವಾಪಸು ರೈಲಿನ ಹೊತ್ತು ಹೋಗುವಾಗಲೇ ಬರೆದಿಟ್ಟುಕೊ, ರೈಲುಗಳು ಹೆಚ್ಚಿಲ್ಲ. ತಲುಪಿದ ಮೇಲೆ ಅಮ್ಮನಿಗೊಂದು ಫೋನ್ ಮಾಡು.

ಇಂತಿ ನಿನ್ನ ಪ್ರೀತಿಯ
ಸೋದರಮಾವ