ಕರುಳು ಶುದ್ಧಿ ಪುಡಿ: ಭಾನುವಾರದವರೆಗೆ ಯಾರೂ ಹಣ ಕಟ್ಟಬೇಡಿ

ಎಲ್ಲರಿಗೂ ನಮಸ್ಕಾರ. ಕರುಳು ಶುದ್ಧಿ ಪುಡಿಯನ್ನು ಒಟ್ಟಿಗೆ ತರಿಸೋಣ ಅಂದವರೆಲ್ಲ ದಯವಿಟ್ಟು ಭಾನುವಾರ ಸಂಜೆವರೆಗೆ ತಡೆಯಿರಿ.

ಮೊದಲು ಡಬ್ಬಿಯ ಹಿಂಬದಿ ಓದಿ. ಸೋನಾಮುಖಿ (ಸೆನ್ನಾ ಎಲೆ) ಇದ್ದರೆ ಅದು ಭೇದಿ ಮಾಡಿಸುವ ಔಷಧಿಯೇ, 6ರಿಂದ 12 ಗಂಟೆಯಲ್ಲಿ ಕೆಲಸ ಮಾಡುತ್ತದೆ. ವೈದ್ಯರು ಹೇಳದೆ ವಾರ ಮೀರಿ ತಗೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುವ ಅಪಾಯವಿದೆ. ಇಸಬಗೋಲು ಇದ್ದರೆ ಪ್ರತಿ ಸಲ ಕನಿಷ್ಠ 240 ಮಿ.ಲೀ. ನೀರು ಬೇಕು, ಕಮ್ಮಿಯಾದರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು. ಜಾಹೀರಾತಿನ ಫೋಟೋದಲ್ಲಿ ಹಗ್ಗದ ಹಾಗೆ ಕಾಣುವ ‘ವರ್ಷಗಳ ಕೊಳೆ’ ಕೊಳೆಯಲ್ಲ. ಇಸಬಗೋಲು, ಬೆಂಟೊನೈಟ್ ಎಂಬ ಜೇಡಿಮಣ್ಣು ನೀರು ಹೀರಿ ಆದ ಅಂಟು ಅದು. ಪುಡಿ ನುಂಗಿದ್ದರಿಂದಲೇ ಬಂದದ್ದು. ಪುಡಿ ತಗೊಂಡು ಎರಡು ದಿನದಲ್ಲಿ ಇಳಿದ ತೂಕವೂ ನೀರು ಮತ್ತು ಮಲ, ಕೊಬ್ಬಲ್ಲ.

ಇನ್ನು ಕಂಪನಿ. ಪೂರ್ತಿ ವಿಳಾಸ, ಬ್ಯಾಚ್ ಸಂಖ್ಯೆ, ಪ್ರತಿ ಪದಾರ್ಥದ ಮಿಲಿಗ್ರಾಂ ಇದೆಯೇ ನೋಡಿ. ‘ವಿಶೇಷ ಮಿಶ್ರಣ’ ಅಂತ ಒಟ್ಟು ತೂಕ ಮಾತ್ರ ಬರೆದಿದ್ದರೆ ಸೋನಾಮುಖಿ ಎಷ್ಟೆಂದು ತಿಳಿಯುವುದೇ ಇಲ್ಲ. ನನ್ನ ಪ್ರಕಾರ ಅಲ್ಲಿಗೇ ಬಿಡಿ. ‘ಉಚಿತ ಪ್ರಯೋಗ’ಕ್ಕೆ ಕಾರ್ಡ್ ನಂಬರ್ ಕೇಳಿದರೆ ಷರತ್ತು ಓದಿ, ತಿಂಗಳು ತಿಂಗಳು ಹಣ ಕಡಿತವಾಗುವುದುಂಟು.

ಕಿಡ್ನಿ, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಲೇಬೇಡಿ.

ಡಬ್ಬಿ ಈಗಾಗಲೇ ಕೈಯಲ್ಲಿದ್ದರೆ ಹಿಂಬದಿಯ ಫೋಟೋ ಇಲ್ಲಿ ಹಾಕಿ. ಓದಿದವರು ‘ಸರಿ’ ಅಂತ ಉತ್ತರಿಸಿ.