ಪ್ರಾಯೋಗಿಕ ಅಂದ್ರೆ ಎಷ್ಟು ದಿನ, ಶಾಸಕರೇ?

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ದಾವಣಗೆರೆಯ ಹದಡಿ ರಸ್ತೆ ಕಡೆ ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು. ಮುಖ್ಯ ರಸ್ತೆಯಿಂದ ನಮ್ಮ ಬಡಾವಣೆಗೆ ತಿರುಗುವ ಮೂಲೆಯಲ್ಲೇ ಅಂಗಡಿ. ಅದೇ ಕ್ರಾಸಿನಲ್ಲಿ ನಾಲ್ಕು ಮನೆ ಆಚೆ ನಮ್ಮ ಮನೆ. ಬೆಳಿಗ್ಗೆ ಎಂಟಕ್ಕೆ ಶಟರ್ ಎತ್ತಿದರೆ ರಾತ್ರಿ ಒಂಬತ್ತರವರೆಗೆ ಅಲ್ಲೇ ಕೂತಿರುತ್ತೇನೆ, ರಸ್ತೆ ನೋಡುವುದು ನನ್ನ ಕೆಲಸ ಅಲ್ಲದಿದ್ದರೂ ಗಿರಾಕಿ ಇಲ್ಲದ ಹೊತ್ತಲ್ಲಿ ಬೇರೆ ಏನು ತಾನೇ ನೋಡೋದು. ಇದನ್ನು ನನ್ನೊಬ್ಬನ ಪತ್ರ ಅಂತ ತಿಳಿಯಬೇಡಿ. ಬರೆಯೋಕೆ ಕೂತವನು ನಾನು. ಪಕ್ಕದಲ್ಲಿ ನಿಂತು "ಇದೂ ಹಾಕ್ರಿ, ಅದೂ ಹಾಕ್ರಿ" ಅಂದವರು ಓಣಿಯ ಅರ್ಧ ಜನ.

ವಿಷಯ ನಿಮಗೆ ಗೊತ್ತಿರಬಹುದು, ಇಲ್ಲದೆಯೂ ಇರಬಹುದು. ನಮ್ಮ ಕ್ರಾಸ್ ಎದುರು ಡಿವೈಡರ್‌ನಲ್ಲಿ ಒಂದು ಗ್ಯಾಪ್ ಇತ್ತು. ಬೇಸಿಗೆಗೆ ಮುಂಚೆ ಒಂದು ರಾತ್ರಿ ಅಲ್ಲಿ ಸಿಮೆಂಟ್ ಬ್ಲಾಕ್‌ಗಳು ಬಂದು ಕೂತವು. ಮಾರನೇ ದಿನ ನಮ್ಮ ಹಿಂದಿನ ರಸ್ತೆ ಒನ್ ವೇ ಆಯಿತು. ಬ್ಯಾರಿಕೇಡ್ ಹತ್ತಿರ ನಿಂತಿದ್ದವರನ್ನು ಕೇಳಿದೆ. "ಪ್ರಾಯೋಗಿಕ ಸರ್, ನೋಡೋಣ" ಅಂದರು. ಸರಿ, ನಾವೂ ನೋಡೋಣ ಅಂದುಕೊಂಡೆವು. ನೋಡುತ್ತಾ ನೋಡುತ್ತಾ ಬೇಸಿಗೆ ಮುಗಿಯಿತು, ಶಾಲೆ ಶುರುವಾಯಿತು, ಮಳೆಗಾಲವೂ ಅರ್ಧ ಹೋಯಿತು. ಬ್ಲಾಕ್‌ಗಳ ಸಂದಿಯಲ್ಲಿ ಹುಲ್ಲು ಬಂದಿದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಆ ಗ್ಯಾಪ್ ಅಪಾಯದ್ದೇ. ಬೈಕುಗಳು ಡಿಕ್ಕಿ ಹೊಡೆದದ್ದನ್ನು ಅಂಗಡಿಯಲ್ಲಿ ಕೂತೇ ಎಷ್ಟೋ ಸಲ ನೋಡಿದ್ದೇನೆ, ಓಡಿಹೋಗಿ ಎತ್ತಿದ್ದೂ ಇದೆ. ಅದನ್ನು ಮುಚ್ಚಬೇಕು ಅಂತ ಯಾರಿಗೋ ಅನ್ನಿಸಿದ್ದರಲ್ಲಿ ತಪ್ಪಿಲ್ಲ. ಮುಚ್ಚಿದ ಮೇಲೆ ಮುಖ್ಯ ರಸ್ತೆ ಸಲೀಸಾಗಿದೆ, ಇದೂ ನಿಜ. ಆದರೆ ಅಲ್ಲಿದ್ದ ಗಲಾಟೆ ಮಾಯ ಆಗಲಿಲ್ಲ ಸಾರ್. ಅಂಗಳ ಗುಡಿಸಿ ಕಸ ಪಕ್ಕದ ಮನೆ ಬಾಗಿಲಿಗೆ ತಳ್ಳಿದ ಹಾಗೆ ನಮ್ಮ ಓಣಿಗೆ ಬಂತು.

ಹೇಗೆ ಅಂತ ಹೇಳುತ್ತೇನೆ. ಮೊದಲು ವಿದ್ಯಾರ್ಥಿ ಭವನ ಸರ್ಕಲ್ ಕಡೆ, ಅಂದ್ರೆ ಊರೊಳಗೆ ಹೋಗೋರು ಗ್ಯಾಪ್‌ನಲ್ಲಿ ಬಲಕ್ಕೆ ತಿರುಗಿ ಹೋಗುತ್ತಿದ್ದರು. ಈಗ ಎಡಕ್ಕೆ ತಿರುಗಬೇಕು. ಊರಿಗೆ ಬೆನ್ನು ಹಾಕಿ ಅಷ್ಟು ದೂರ ಹೋಗಿ ಯೂ ಟರ್ನ್ ಹೊಡೆದು ವಾಪಸ್ ಬರಬೇಕು. ನಮ್ಮ ಜನ ಅಷ್ಟು ದೂರ ಹೋಗ್ತಾರಾ? ಇಲ್ಲ. ಹಿಂದಿನ ಬಡಾವಣೆಗಳವರೆಲ್ಲ ಸೇರಿ ಕಂಡುಕೊಂಡ ದಾರಿ ನಮ್ಮ ಕ್ರಾಸ್: ಒಳಗೆ ನುಗ್ಗು, ಮೂರು ತಿರುವು ತಿರುಗು, ಮುಂದಿನ ಗ್ಯಾಪ್ ಹತ್ತಿರ ಹೊರಗೆ ಬೀಳು. ಮ್ಯಾಪ್ ನೋಡಿಕೊಂಡು ಗಾಡಿ ಓಡಿಸುವವರಿಗೆ ಫೋನೂ ಇದೇ ದಾರಿ ತೋರಿಸುತ್ತಿದೆಯಂತೆ. ಇನ್ನು ಕೆಲವರು ಒಳಗೂ ಬರುವುದಿಲ್ಲ, ಸೀದಾ ರಾಂಗ್ ಸೈಡಲ್ಲಿ ಹೋಗುತ್ತಾರೆ. ಹೆಡ್‌ಲೈಟ್ ಹಾಕಿಕೊಂಡು ಹೋದರೆ ರಾಂಗ್ ಸೈಡ್ ರೈಟ್ ಆಗುತ್ತೆ ಅನ್ನೋ ನಂಬಿಕೆ ಈ ಊರಲ್ಲಿ ಯಾವಾಗ ಹುಟ್ಟಿತೋ ಗೊತ್ತಿಲ್ಲ.

ನಮ್ಮದು ಇಪ್ಪತ್ತಡಿ ರಸ್ತೆ. ಅದರಲ್ಲೇ ಚರಂಡಿ, ಕರೆಂಟ್ ಕಂಬ, ನಿಂತ ಕಾರು. ಕಾರು ನಮ್ಮವರದೇ, ಒಪ್ಪಿಕೊಳ್ಳುತ್ತೇನೆ. ಒಂದು ಅಂಗನವಾಡಿ, ಒಂದು ಆಂಜನೇಯನ ಗುಡಿ. ಒಂದು ದಿನ ಬೆಳಿಗ್ಗೆ ವೇಸ್ಟ್ ಜೆರಾಕ್ಸ್ ಹಾಳೆಯ ಹಿಂದೆ ಗೆರೆ ಎಳೆದು ಗಾಡಿ ಲೆಕ್ಕ ಹಾಕೋಣ ಅಂತ ಕೂತೆ. ಎಂಟೂವರೆಗೆ ಶುರು ಮಾಡಿದೆ. ಒಂಬತ್ತು ಆಗುವುದರೊಳಗೆ ಒಂದು ಮಗ್ಗುಲು ತುಂಬಿತು. ಅಷ್ಟರಲ್ಲಿ ಯಾರೋ ಆಧಾರ್ ಕಾರ್ಡ್ ಜೆರಾಕ್ಸ್‌ಗೆ ಬಂದರು, ಬಿಟ್ಟೆ. ನಿಮ್ಮವರು ಬಂದು ಸರಿಯಾಗಿ ಲೆಕ್ಕ ಹಾಕಲಿ. ನಾನು ಹೇಳುವುದು ಇಷ್ಟೇ, ಮೊದಲು ಆ ಹೊತ್ತಲ್ಲಿ ಹುಡುಗರು ರಸ್ತೆ ನಡುವೆ ಸೈಕಲ್ ಕಲಿಯುತ್ತಿದ್ದರು. ಈಗ ಅಂಗನವಾಡಿ ಟೀಚರ್ ಒಂದೊಂದು ಮಗುವಿನ ಕೈ ಹಿಡಿದು ದಾಟಿಸುತ್ತಾರೆ.

ಬೈಕು, ಆಟೋ ಆದರೆ ಹೇಗೋ ಹೋಗಲಿ. ಸುಗ್ಗಿ ಟೈಮಲ್ಲಿ ಭದ್ರಾ ನಾಲೆ ಕಡೆಯ ಹಳ್ಳಿಗಳಿಂದ ಭತ್ತ, ಮೆಕ್ಕೆಜೋಳ ಹೇರಿಕೊಂಡು ಟ್ರ್ಯಾಕ್ಟರ್‌ಗಳು ಬರುತ್ತವಲ್ಲ, ಅವುಗಳಲ್ಲಿ ಕೆಲವು ಈಗ ನಮ್ಮ ಕ್ರಾಸಿಗೆ ಬರುತ್ತವೆ. ಟ್ರೇಲರ್ ಸಮೇತ ಆ ಮೂರು ತಿರುವು ತಿರುಗೋದು ಸುಮ್ನೆ ಅಲ್ಲ. ಒಂದು ಟ್ರೇಲರ್ ಒಳಚರಂಡಿ ಛೇಂಬರಿನ ಮುಚ್ಚಳ ಒಡೆದು ಹೋಯಿತು. ಇನ್ನೊಂದು ಕೇಬಲ್ ವೈರ್ ಹರಿದುಕೊಂಡು ಹೋಯಿತು, ಎರಡು ದಿನ ಯಾರ ಮನೆಯಲ್ಲೂ ಟಿವಿ ಇಲ್ಲ. ಆ ಡ್ರೈವರ್ ಹುಡುಗನನ್ನು ಬೈಯೋಕೆ ಹೋದೆವು. ಪಾಪ, ಅವನೇ ನಮ್ಮನ್ನು ಕೇಳಿದ: "ಅಣ್ಣಾರೆ, ಎಪಿಎಂಸಿಗೆ ಹೆಂಗ್ ಹೋಗ್ಬೇಕ್ರಿ? ಎಲ್ಲೂ ಬೋರ್ಡೇ ಇಲ್ಲಲ್ರಿ." ಏನು ಹೇಳೋಣ? ಬೋರ್ಡ್ ಇಲ್ಲ ಅನ್ನೋದಂತೂ ನಿಜ.

ಜುಲೈಯಲ್ಲಿ ಒಂದು ಬೆಳಿಗ್ಗೆ ನಮ್ಮ ಪಕ್ಕದ ಮನೆ ಅಜ್ಜನಿಗೆ ಎದೆ ಉರಿ, ಮೈಯೆಲ್ಲ ಬೆವರು. ಮಗ ಆಟೋದಲ್ಲಿ ಕೂರಿಸಿಕೊಂಡು ಹೊರಟ. ಕ್ರಾಸಿನ ಆ ಕಡೆ ತಿರುವಲ್ಲಿ ಶಾಲೆ ವ್ಯಾನು, ಅದರ ಹಿಂದೆ ಕಾರು, ಈ ಕಡೆಯಿಂದ ಗ್ಯಾಸ್ ಸಿಲಿಂಡರ್ ಗಾಡಿ. ಯಾರೂ ಹಿಂದೆ ಹೋಗೋಕೆ ತಯಾರಿಲ್ಲ, ಹೋಗೋಕೆ ಜಾಗವೂ ಇಲ್ಲ. ನಾನು ಅಂಗಡಿ ಬಿಟ್ಟು ಓಡಿದೆ. ಎಲ್ಲರೂ ಕೂಗಾಡಿ, ಸಿಲಿಂಡರ್ ಗಾಡಿಯನ್ನು ಒಬ್ಬರ ಮನೆ ಕಾಂಪೌಂಡಿನೊಳಗೆ ಹತ್ತಿಸಿ, ಆಟೋ ಬಿಡಿಸುವ ಹೊತ್ತಿಗೆ ಅಜ್ಜನ ಕಣ್ಣು ಮೇಲೆ ಹೋಗಿತ್ತು. ಈಗ ಆರಾಮಾಗಿದ್ದಾರೆ. ಆದರೆ ಊರ ತುಂಬ ದೊಡ್ಡ ದೊಡ್ಡ ಆಸ್ಪತ್ರೆ ಇಟ್ಟುಕೊಂಡು, ಸುತ್ತಲಿನ ಜಿಲ್ಲೆಗಳ ರೋಗಿಗಳೆಲ್ಲ ದಾವಣಗೆರೆಗೆ ಬರುವಾಗ, ನಾವು ಇಲ್ಲೇ ಇದ್ದು ನಮ್ಮ ಓಣಿ ದಾಟೋಕೆ ಅಷ್ಟು ಹೊತ್ತು ತಗೊಂಡೆವಲ್ಲ ಅಂತ ಆವತ್ತು ಮಧ್ಯಾಹ್ನ ಊಟ ಸೇರಲಿಲ್ಲ.

ಇನ್ನು ನಮ್ಮ ತಪ್ಪಿಗೆ ಬರುತ್ತೇನೆ. ವೇಗ ತಡೆಯೋಕೆ ಅಂತ ನಾವೇ ಒಂದು ಹಂಪ್ ಹಾಕಿದೆವು. ಮನೆ ಕಟ್ಟುವ ಕಡೆಯಿಂದ ಜಲ್ಲಿ, ಸಿಮೆಂಟ್ ತಂದು ಒಂದೇ ರಾತ್ರಿ ಕೆಲಸ ಮುಗಿಸಿದೆವು. ಗೋಡೆ ಹಾಗೆ ಎದ್ದು ನಿಂತಿತ್ತು. ಮೂರನೇ ದಿನ ಬೈಕಿನ ಹಿಂದೆ ಕೂತಿದ್ದ ಒಬ್ಬ ಹೆಣ್ಣುಮಗಳು ಅದರ ಮೇಲೆ ಎಗರಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡರು. ಆವತ್ತು ಸಂಜೆ ನಾವೇ ಹಾರೆ ಹಿಡಿದು ಕಿತ್ತೆವು. ಆಮೇಲೆ, ನನ್ನ ಅಂಗಡಿಗೆ ಪ್ರಾಜೆಕ್ಟ್ ರಿಪೋರ್ಟ್ ಸ್ಪೈರಲ್ ಬೈಂಡಿಂಗ್‌ಗೆ ಬರುವ ಸಿವಿಲ್ ಇಂಜಿನಿಯರಿಂಗ್ ಹುಡುಗನೊಬ್ಬ ಹಂಪ್‌ಗೂ ಲೆಕ್ಕ ಇದೆ ಅಂತ ತೋರಿಸಿದ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಳತೆ ಪ್ರಕಾರ ಗುಂಡಗಿನ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕಂತೆ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಅದನ್ನು ಆರಾಮಾಗಿ ದಾಟಬಹುದಂತೆ. ಮುಂಚೆಯೇ ಕಾಣುವ ಹಾಗೆ ಬೋರ್ಡು, ಬಿಳಿ ಬಣ್ಣವೂ ಬೇಕು. ನಾವು ಹಾಕಿದ್ದು ಒಂದೂವರೆ ಅಡಿ ಅಗಲ ಇತ್ತೇನೋ. ನಮಗೆ ಗೊತ್ತಿರಲಿಲ್ಲ, ಸರಿ. ಗೊತ್ತಿರುವವರು ಬಂದು ಹಾಕಬಾರದಾ?

ರಸ್ತೆ ಆ ಕಡೆ ಹಾಲಿನ ಬೂತ್ ಇದೆ. ವಯಸ್ಸಾದವರು ಈಗ ಸಿಮೆಂಟ್ ಬ್ಲಾಕ್ ಹತ್ತಿ ಇಳಿದು ಹಾಲು ತರುತ್ತಾರೆ. ಬ್ಲಾಕ್‌ಗಳ ನಡುವೆ ಒಬ್ಬ ಮನುಷ್ಯ ನುಸುಳುವಷ್ಟು ಜಾಗ ಬಿಡಬೇಕು ಅಂತ ಇಡೋವಾಗ ಯಾರಿಗೂ ಹೊಳೆಯಲಿಲ್ಲ. ಗ್ಯಾಪ್ ಹತ್ತಿರ ಸೊಪ್ಪು ಮಾರುತ್ತಿದ್ದ ಅಮ್ಮ ಈಗ ನನ್ನ ಅಂಗಡಿ ಮುಂದೆ ಕೂರುತ್ತಾರೆ. ಆ ಕಡೆಯ ಗಿರಾಕಿಗಳು ಬರೋದೇ ಬಿಟ್ಟಿದ್ದಾರಂತೆ. ದಿನಾ ನನ್ನನ್ನು ಕೇಳುತ್ತಾರೆ, "ಯಾವಾಗ ತೆಗಿತಾರಂತಪ್ಪ?" ಅಂತ, ಬ್ಲಾಕ್ ತೆಗೆಯೋದು ನನ್ನ ಕೈಯಲ್ಲೇ ಇದೆ ಅನ್ನೋ ಹಾಗೆ. ಇನ್ನೊಂದು ವಿಷಯ, ಸುಳ್ಳು ಹೇಳಬಾರದು. ಗಾಡಿಗಳು ಜಾಸ್ತಿ ಆದ ಮೇಲೆ ನನ್ನ ವ್ಯಾಪಾರ ಸ್ವಲ್ಪ ಏರಿದೆ. ಆದರೂ ಈ ಪತ್ರ ಬರೆಯುತ್ತಿದ್ದೇನೆ, ಹೆಂಡತಿ ಬರೆಸುತ್ತಿದ್ದಾಳೆ ಅಂದ್ರೂ ಸರಿ.

ಈಗ ಮುಖ್ಯ ಮಾತು, ಆ 'ಪ್ರಾಯೋಗಿಕ'. ಜೆರಾಕ್ಸ್‌ಗೆ ಬರುವ ವಕೀಲರೊಬ್ಬರಿಗೆ ಇದನ್ನೆಲ್ಲ ಹೇಳಿದೆ. ಅವರು ಮೋಟಾರು ವಾಹನ ಕಾಯ್ದೆ, 1988 ತೆಗೆದು ಕಲಂ 115 ಓದಿ ಅಂದರು. ಓದಿದೆ, ಎರಡು ಸಲ. ನನಗೆ ಅರ್ಥ ಆದದ್ದು ಹೀಗೆ. ಯಾವುದೋ ರಸ್ತೆಯಲ್ಲಿ ವಾಹನಗಳಿಗೆ ನಿರ್ಬಂಧ ಹಾಕೋ ಅಧಿಕಾರ ಸರ್ಕಾರಕ್ಕೆ, ಸರ್ಕಾರ ಅಧಿಕಾರ ಕೊಟ್ಟವರಿಗೆ ಇದೆ. ಆದರೆ ಅದು ರಾಜ್ಯಪತ್ರದಲ್ಲಿ ಅಧಿಸೂಚನೆ ಆಗಿ ಬರಬೇಕು, ಆ ಜಾಗದಲ್ಲಿ ಸರಿಯಾದ ಫಲಕ ನಿಲ್ಲಿಸಬೇಕು. ಒಂದು ತಿಂಗಳು ಮೀರದ ನಿರ್ಬಂಧ ಆದರೆ ಮಾತ್ರ ರಾಜ್ಯಪತ್ರ ಬೇಡ, ಆಗಲೂ ಸ್ಥಳೀಯರಿಗೆ ಪ್ರಚಾರ ಕೊಡಬೇಕು. ಅಂದರೆ ಪ್ರಯೋಗಕ್ಕೆ ಕಾನೂನಲ್ಲೇ ಜಾಗ ಇದೆ, ಅದಕ್ಕೆ ಅಳತೆಯೂ ಇದೆ. ಒಂದು ತಿಂಗಳು. ನಮ್ಮ ಹಿಂದಿನ ರಸ್ತೆ ಒನ್ ವೇ ಆಗಿ ಎಷ್ಟು ತಿಂಗಳಾಯಿತು ಅಂತ ನೀವೇ ಎಣಿಸಿ. ಅಧಿಸೂಚನೆ ಆಗಿದ್ದರೆ ಒಂದು ಪ್ರತಿ ಕೊಡಿ ಅಂತ ಎರಡು ಸಲ ಮನವಿ ಕೊಟ್ಟೆವು. ಸೀಲ್ ಹೊಡೆದ ಪ್ರತಿ ನನ್ನ ಡ್ರಾಯರ್‌ನಲ್ಲಿದೆ. ಉತ್ತರ ಇಲ್ಲ. ಇರಬಹುದು, ಎಲ್ಲ ಕ್ರಮಬದ್ಧವಾಗೇ ಆಗಿರಬಹುದು. ಹಾಗಿದ್ದರೆ ತೋರಿಸೋಕೆ ಏನು ಕಷ್ಟ?

ದಾವಣಗೆರೆಯವರಿಗೆ ಕಾಯೋದು ಹೊಸದಲ್ಲ ಶಾಸಕರೇ. ಅಶೋಕ ರಸ್ತೆಯಲ್ಲಿ ರೈಲ್ವೆ ಗೇಟ್ ಬಿದ್ದಾಗ ಬಿಸಿಲಲ್ಲಿ ಗಾಡಿ ಆಫ್ ಮಾಡಿ ನಿಂತು ಬೆಳೆದವರು ನಾವು. ಆದರೆ ರೈಲು ಹೋದರೆ ಗೇಟ್ ಏಳುತ್ತೆ ಅಂತ ಗೊತ್ತಿರುತ್ತಿತ್ತು. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತೆ. ಆಗ ಹಳೇ ಊರಿನ ಕಡೆ ಗಾಡಿ ಓಡಾಡೋದೇ ಕಷ್ಟ, ಸುತ್ತಿ ಬಳಸಿ ಹೋಗುತ್ತೇವೆ. ಯಾರಾದರೂ ಗೊಣಗುತ್ತಾರಾ? ಯಾವತ್ತು ಶುರು, ಯಾವತ್ತು ಮುಗಿಯುತ್ತೆ ಅಂತ ಎಲ್ಲರಿಗೂ ಗೊತ್ತಿರುತ್ತೆ, ಅದಕ್ಕೇ. ನಮ್ಮ ಓಣಿಯಲ್ಲಿ ಜಾತ್ರೆ ನಡೆಯುತ್ತಲೇ ಇದೆ, ಮುಗಿಯೋ ದಿನ ಮಾತ್ರ ಯಾರೂ ಹೇಳುತ್ತಿಲ್ಲ.

ನಾವು ಕೇಳೋದು ಜಾಸ್ತಿ ಏನಲ್ಲ. ಗ್ಯಾಪ್ ಮೊದಲಿನ ಹಾಗೇ ತೆಗೆಯಿರಿ ಅಂತ ಹಟ ಹಿಡಿಯುತ್ತಿಲ್ಲ. ನಮ್ಮ ಓಣಿಯಲ್ಲೇ ಇದರ ಬಗ್ಗೆ ಎರಡು ಪಾರ್ಟಿ ಇದೆ, ಪೂರ್ತಿ ಮುಚ್ಚಿರಲಿ ಅನ್ನೋರೂ ಇದ್ದಾರೆ. ಮೊದಲು ಆ ಆದೇಶ ಏನು, ಎಲ್ಲಿಯವರೆಗೆ ಅಂತ ಎಲ್ಲರಿಗೂ ಕಾಣೋ ಹಾಗೆ ಹಾಕಿಸಿ. ಟ್ರ್ಯಾಕ್ಟರ್, ಲಾರಿ ಕ್ರಾಸಿನ ಒಳಗೆ ಬರದ ಹಾಗೆ ಎರಡೂ ತುದಿಯಲ್ಲಿ ಬೋರ್ಡ್ ಹಾಕಿಸಿ, ಎಪಿಎಂಸಿಗೆ ಹೋಗುವ ದಾರಿಗೆ ಮುಖ್ಯ ರಸ್ತೆಯಲ್ಲೇ ಬಾಣದ ಗುರುತು ಕೊಡಿಸಿ. ನಡೆದು ದಾಟುವವರಿಗೆ ಬ್ಲಾಕ್ ನಡುವೆ ಜಾಗ ಮಾಡಿಸಿ, ಇದಕ್ಕಂತೂ ಒಂದು ಬ್ಲಾಕ್ ಸರಿಸಿದರೆ ಸಾಕು, ಹೇಳಿದರೆ ನಾವೇ ನಾಲ್ಕು ಜನ ಸೇರಿ ಸರಿಸುತ್ತೇವೆ. ಅಂಗನವಾಡಿ ಹತ್ತಿರ ಅಳತೆ ಪ್ರಕಾರ ಒಂದು ಹಂಪ್. ಬೆಳಿಗ್ಗೆ ಶಾಲೆ ಹೊತ್ತಿಗೆ ಒಬ್ಬ ಹೋಂ ಗಾರ್ಡ್. ಆಮೇಲೆ ಗ್ಯಾಪ್ ತೆಗೆಯಬೇಕೋ ಬೇಡವೋ, ಸಿಗ್ನಲ್ ಬೇಕೋ ಅಂತ ನಮ್ಮನ್ನೂ ಕೂರಿಸಿಕೊಂಡು ಮಾತಾಡಿ. ಆಂಜನೇಯನ ಗುಡಿ ಕಟ್ಟೆ ಮೇಲೆ ಕೂತು ಮಾತಾಡಿದರೂ ಆದೀತು, ಹಾಲ್ ಬುಕ್ ಮಾಡೋದು ಬೇಡ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಮೊದಲ ಪಟ್ಟಿಯ 20 ಊರುಗಳಲ್ಲಿ ನಮ್ಮ ಹೆಸರೂ ಬಂದಾಗ ನಾನು ಅಂಗಡಿಗೆ ಬಂದವರಿಗೆಲ್ಲ ಚಹಾ ಕುಡಿಸಿದ್ದೆ. ಅಂಥ ಊರಲ್ಲಿ ಒಂದು ಬಾಣದ ಬೋರ್ಡಿಗೆ ಬಹಿರಂಗ ಪತ್ರ ಬರೆಯಬೇಕಾಗಿ ಬಂತಲ್ಲ ಅಂತ ನನಗೇ ಸ್ವಲ್ಪ ಮುಜುಗರ.

ಕೊನೆಗೆ, ಒಂದು ಸಲ ಬನ್ನಿ. ಭಾನುವಾರ ಬೇಡ, ಭಾನುವಾರ ನಮ್ಮ ಓಣಿ ನೋಡಿದರೆ ನಾನೇ ಸುಳ್ಳುಗಾರ ಅನ್ನಿಸುತ್ತೆ. ವಾರದ ದಿನ ಬೆಳಿಗ್ಗೆ ಎಂಟೂವರೆಗೆ, ಮುಂದೆ ಹಿಂದೆ ಗಾಡಿ ಇಲ್ಲದೆ, ಆಗೋದಾದರೆ ಸ್ಕೂಟರ್‌ನಲ್ಲಿ ಬನ್ನಿ. ಬರೋದು ಸುಲಭ, ವಿದ್ಯಾರ್ಥಿ ಭವನ ಕಡೆಯಿಂದ ಬಂದು ಎಡಕ್ಕೆ ತಿರುಗಿದರೆ ಮೂಲೆಯಲ್ಲೇ ನನ್ನ ಅಂಗಡಿ. ಸ್ಕೂಟರ್ ಬೇವಿನ ಮರದ ಕೆಳಗೆ ನಿಲ್ಲಿಸಿ, ನೆರಳಿದೆ. ಚಹಾ ನನ್ನದು. ವಾಪಸ್ ಹೋಗುವಾಗ ಮಾತ್ರ ಬಲಕ್ಕೆ ತಿರುಗೋಕೆ ಆಗಲ್ಲ. ಎಡಕ್ಕೆ ಹೋಗಿ ಸುತ್ತಿ ಬರ್ತೀರೋ, ನಮ್ಮ ಓಣಿ ಒಳಗೆ ನುಗ್ತೀರೋ, ಅಲ್ಲೇ ನಿಂತು ನೋಡ್ತೀವಿ.

ಇಂತಿ,
ಮೂಲೆ ಜೆರಾಕ್ಸ್ ಅಂಗಡಿಯವನು ಮತ್ತು ಓಣಿಯವರು
ದಾವಣಗೆರೆ