ಶಾಸಕರೇ, ನಮ್ಮ ಮನೆ ಕಟ್ಟುವ ಕೆಲಸವನ್ನಾದರೂ ನಮಗೆ ಕೊಡಿಸಿ

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ಕೊಡಗಿನ ತಿತಿಮತಿ ಕಡೆಯ ಒಂದು ಆದಿವಾಸಿ ಹಾಡಿಯವನು, ಜೇನುಕುರುಬ. ಗಾರೆ ಕೆಲಸ ಬರುತ್ತದೆ. ಗೋಣಿಕೊಪ್ಪದಲ್ಲಿ ಎಷ್ಟೋ ಮನೆಗಳಿಗೆ ಪ್ಲಾಸ್ಟರ್ ಮಾಡಿದ್ದೇನೆ. ಹಾಡಿಯಲ್ಲಿ ಸರ್ಕಾರಿ ಮನೆ ಏಳುವಾಗ ಮಾತ್ರ ನನಗೆ ಕೆಲಸವಿಲ್ಲ. ಗುತ್ತಿಗೆದಾರರೂ ಹೊರಗಿನವರು, ಆಳುಗಳೂ ಹೊರಗಿನವರು.

ನಮ್ಮಂಥ ಆದಿವಾಸಿಗಳಿಗೆಂದು ಕೇಂದ್ರ ತಂದ ಪಿಎಂ ಜನ್‌ಮನ್ ಯೋಜನೆಯ ಮನೆಯ ನಿಯಮವನ್ನು ನಿಮಗೆ ನಾನು ಹೇಳಬೇಕಾ? ಗುತ್ತಿಗೆದಾರ ಇರಬಾರದು, ಮನೆಯವರೇ ಕಟ್ಟಿಸಿಕೊಳ್ಳಬೇಕು. 2 ಲಕ್ಷ ರೂಪಾಯಿ ಕಂತಿನಲ್ಲಿ ಅವರ ಖಾತೆಗೇ ಬರಬೇಕು. ಉದ್ಯೋಗ ಖಾತ್ರಿಯ 90 ದಿನದ ಕೂಲಿ, ಶೌಚಾಲಯದ 12,000 ಬೇರೆ.

ನನ್ನ ಅಕ್ಕನ ಮನೆಯಲ್ಲಿ ಆದದ್ದು ಕೇಳಿ. ಕಂತು ಬಂದ ಕೂಡಲೇ ಒಬ್ಬರು ಜೀಪಿನಲ್ಲಿ ಬಂದು ಅವಳನ್ನು ಬ್ಯಾಂಕಿಗೆ ಕರೆದುಕೊಂಡು ಹೋದರು. ಹೆಬ್ಬೆಟ್ಟು ಒತ್ತಿಸಿ ದುಡ್ಡು ತೆಗೆಸಿಕೊಂಡರು. ನಾನು, ಭಾವ ಇಬ್ಬರೂ ಕೆಲಸ ಕೇಳಿದೆವು. ‘ನಿಮ್ಮವರು ಬೆಳಿಗ್ಗೆ ಬಂದರೆ ಮಧ್ಯಾಹ್ನ ಇರಲ್ಲ’ ಅಂದರು. ಆಮೇಲೊಂದು ದಿನ ಫೋಟೊ ಬೇಕಾಯಿತು. ಕಾಫಿ ಕೊಯ್ಯುತ್ತಿದ್ದ ಅಕ್ಕನನ್ನು ತೋಟದಿಂದ ಕರೆಸಿದರು. ಅವಳ ಕೈಗೆ ಕರಣೆ ಕೊಟ್ಟು ಪಾಯದ ಪಕ್ಕ ನಿಲ್ಲಿಸಿದರು. ಫೋಟೊ ಆಯಿತು. ಕರಣೆ ವಾಪಸ್ ಇಸ್ಕೊಂಡರು! ಅವಳಿಗೆ ಅವತ್ತಿನ ತೋಟದ ಕೂಲಿಯೂ ಹೋಯಿತು. ಆ 90 ದಿನದ ಕೂಲಿ ಯಾರ ಜಾಬ್ ಕಾರ್ಡಿಗೆ ಬಿತ್ತು ಎಂದು ಕೇಳಿದರೆ ಎಲ್ಲರೂ ಇನ್ನೊಬ್ಬರ ಟೇಬಲ್ ತೋರಿಸುತ್ತಾರೆ.

ಮನೆ ಹೇಗಿದೆ ಅಂತೀರಾ? ಗೋಡೆಗೆ ಸರಿಯಾಗಿ ನೀರುಣಿಸಿಲ್ಲ. ಸಿಮೆಂಟು ಉಗುರಿಗೇ ಉದುರುತ್ತದೆ. ಜೂನ್ ಮಳೆಗೆ ಒಳಗೂ ಸೋರಿತು. ಮಧ್ಯಾಹ್ನ ಇಲ್ಲದವರು ಕಟ್ಟಿದ್ದರೆ ಇದಕ್ಕಿಂತ ಕೆಟ್ಟದಾಗುತ್ತಿತ್ತೇನೋ, ಗೊತ್ತಿಲ್ಲ.

ಹೊರಗಿನಿಂದ ಬಂದ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರದ್ದೂ ಹೊಟ್ಟೆಪಾಡು, ಅವರಿಗೂ ಕೂಲಿ ಪೂರ್ತಿ ಸಿಕ್ಕಿಲ್ಲ. ಆದರೆ ಕಕ್ಕಡ ತಿಂಗಳ ಜೋರು ಮಳೆಯಲ್ಲಿ ತೋಟದ ಕೆಲಸ ನಿಂತಾಗ ನಾವು ಏನು ತಿನ್ನಬೇಕು? ಸಾಹುಕಾರರ ಹತ್ತಿರ ಸಾಲ ತಂದು ಮತ್ತೆ ತೋಟದ ಕೂಲಿಯವರ ಲೈನ್ ಮನೆಗೆ ಹೋಗಬೇಕಾ? 2018ರಲ್ಲಿ ಗುಡ್ಡ ಕುಸಿದು ಮನೆ ಹೋದವರಿಗೆ ಕಾಲೊನಿ ಕಟ್ಟುವಾಗಲೂ ಕೆಲಸ ಕೇಳಿದ್ದೆ. ‘ಜನ ಕಂಪನಿಯವರೇ ತರ್ತಾರೆ’ ಅನ್ನುವ ಉತ್ತರ ಬಂತು.

ಅಮೆರಿಕದಲ್ಲಿ 1968ರ ವಸತಿ ಕಾಯ್ದೆಯಲ್ಲೇ ಇದಕ್ಕೊಂದು ಸೆಕ್ಷನ್ ಇದೆ. ವಸತಿಗೆ ಸರ್ಕಾರದ ದುಡ್ಡು ಬಂದರೆ ಕೆಲಸ, ಗುತ್ತಿಗೆ ಎರಡರಲ್ಲೂ ಅಲ್ಲಿನ ಬಡವರಿಗೆ ಮೊದಲ ಅವಕಾಶ. ಅಷ್ಟು ದೂರ ಯಾಕೆ, ನಮ್ಮ ರಾಜ್ಯದಲ್ಲೇ ಸರ್ಕಾರಿ ಕಾಮಗಾರಿಯಲ್ಲಿ ಎಸ್‌ಟಿ ಗುತ್ತಿಗೆದಾರರಿಗೆ ಮೀಸಲು ಇದೆ. ಜಾಗದ ಹಕ್ಕುಪತ್ರವೇ ಇಲ್ಲದ ಹಾಡಿಯವನು ಗುತ್ತಿಗೆಗೆ ಕಟ್ಟುವ ಠೇವಣಿ ಎಲ್ಲಿಂದ ತರಬೇಕು ಅನ್ನುವುದನ್ನು ಮಾತ್ರ ಯಾರೂ ಬರೆದಿಲ್ಲ.

ನಮಗೆ ಸನ್ಮಾನ ಬೇಡ, ಕಂಬಳಿ ಬೇಡ. ಕೆಲಸ ಕೊಡಿಸಿ. ಹಾಡಿಯ ಮನೆಗೆ ಹಾಡಿಯವರನ್ನೇ ಮೊದಲು ಕರೆಯಬೇಕು. ಗಾರೆ ಬಾರದವರಿಗೆ ಕಲಿಸಿ, ಕೂಲಿ ಕೊಟ್ಟು ಕಲಿಸಿ. ಮರಳು, ಇಟ್ಟಿಗೆ ಸಾಗಿಸುವ ಸಣ್ಣ ಗುತ್ತಿಗೆಯನ್ನು ನಮ್ಮ ಹೆಂಗಸರ ಸಂಘಕ್ಕೆ ಕೊಡಿ.

ಪಕ್ಕದ ಹಾಡಿಯಲ್ಲಿ ಸದ್ಯದಲ್ಲೇ ಪಾಯ ತೋಡುತ್ತಾರೆ. ಅಲ್ಲಿಯಾದರೂ ಹಾಡಿಯವರಿಗೆ ಮೊದಲು ಕೆಲಸ ಕೊಡಲು ಹೇಳಿ. ಫೋನಿನಲ್ಲಿ ಬೇಡ, ಬರೆದು ಹೇಳಿ. ಒಂದು ಪ್ರತಿ ನಮಗೂ ಕಳಿಸಿ.

ಇಂತಿ,
ಹಾಡಿಯ ಒಬ್ಬ ಗಾರೆ ಕೆಲಸದವನು